ಮಕ್ಕಳೊಡನೆ ಬೀದರಕ್ಕೆ

ರಜೆ ಬಂದಿತೆಂದರೆ ನಮ್ಮ ಪಟ್ಟಣಿಗರಿಗೆ ತೋರುವ ದಿಕ್ಕುಗಳು ಎರಡೋ ಮೂರೋ ಮಾತ್ರ. ದಕ್ಷಿಣಕ್ಕೆ ಮೈಸೂರು, ಪಶ್ಚಿಮಕ್ಕೆ ಗೋಕರ್ಣ ಗೋವೆಗಳು, ಪೂರ್ವಕ್ಕೆ ತಿರುಪತಿ. ಕರ್ನಾಟಕಕ್ಕೆ ಉತ್ತರವೆಂಬ ದಿಕ್ಕೂ ಒಂದುಂಟೆಂಬುದು ಮಾಗಿಯ ದಿನಗಳಲ್ಲಿ ಬೀದರದ ಚಳಿಯ ಅಂಕಿಯನ್ನು ಪತ್ರಿಕೆಯಲ್ಲಿ ಓದಿದಾಗಲಷ್ಟೇ ನೆನಪಾಗುವದು. ಬೀದರವು ಕನ್ನಡನಾಡಿನ ಮುಕುಟವೆಂದು ರಾಜ್ಯೋತ್ಸವದ ವೇದಿಕೆಯ ಮೇಲೆ ವರ್ಷವರ್ಷವೂ ನುಡಿಯುವವರಿಗೆ ಕೊರತೆಯಿಲ್ಲ. ಆ ಮುಕುಟವನ್ನು ಕಣ್ಣಾರೆ ಕಂಡು ಬಂದವರು ಕೈಯೆತ್ತಿರೆಂದರೆ ಅದೇ ಸಭೆಯಲ್ಲಿ ಎಷ್ಟು ಕೈಗಳು ಏಳುವವೋ ವಾಚಕರೇ ಊಹಿಸಬಹುದು.

ಸರಕಾರಿ ನೌಕರರ ಮಾತಂತೂ ಬೇರೆಯೇ ಆಗಿದೆ. ಬೀದರಕ್ಕೆ ವರ್ಗವಾಯಿತೆಂಬ ಸುದ್ದಿಯು ಮುಟ್ಟಿದೊಡನೆ ಮನೆಯಲ್ಲಿ ಸೂತಕದ ಕಳೆ ಕವಿಯುವದು. ನೆರೆಯವರು ಬಂದು ಸಮಾಧಾನ ಹೇಳುವರು. ಹೆಂಡಿರು ಮಕ್ಕಳು ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಉಳಿಯುವರು. ಯಜಮಾನನು ಬಾಡಿಗೆಯ ಕೋಣೆಯೊಂದನ್ನು ಹಿಡಿದು, ಖಾನಾವಳಿಯ ಊಟ ಉಂಡು, ರಜೆಯ ಹಿಂದಿನ ಸಂಜೆ ಗಾಡಿ ಹಿಡಿಯುವನು. ಹೀಗೆ ವರ್ಷಗಟ್ಟಲೆ ಅಧಿಕಾರ ನಡೆಸಿದ ಊರನ್ನು ಅವನ ಮಕ್ಕಳು ಒಂದು ಸಲವೂ ಕಂಡಿರುವದಿಲ್ಲ. ತನ್ನ ಮಗುವು ಆಡದ ತೋಟದ ಜೋಕಾಲಿಯು ಮುರಿದಿದೆಯೋ ನೆಟ್ಟಗಿದೆಯೋ ಎಂಬುದು ಯಾವ ಅಧಿಕಾರಿಯ ಗಮನಕ್ಕೂ ಬೇಗ ಬಾರದು. ತನ್ನ ಮಗಳು ಓದದ ಶಾಲೆಗೆ ಗಣಿತದ ಮಾಸ್ತರರಿಲ್ಲವೆಂಬ ಅರ್ಜಿಯು ಉಳಿದ ಅರ್ಜಿಗಳ ಕೆಳಗೆ ಸೇರುವದು. ಈ ಮಾತು ಕಹಿ. ಆದರೆ ಹಿಂದುಳಿದ ಸೀಮೆಯೆಂದು ಎಲ್ಲರೂ ಕನಿಕರಿಸುವ ಆ ಸೀಮೆಯು ಹಿಂದುಳಿದಿರುವದಕ್ಕೆ ಇದೂ ಒಂದು ಕಾರಣವೆಂದು ನಾವು ಬಗೆದಿದ್ದೇವೆ. ಸಂವಿಧಾನಕ್ಕೆ 371 ಜೆ ವಿಧಿಯನ್ನು ಸೇರಿಸಿದ್ದಾಯಿತು, 2019ರಲ್ಲಿ ಹೈದರಾಬಾದ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟದ್ದೂ ಆಯಿತು. ಮಕ್ಕಳನ್ನು ಕರೆದೊಯ್ಯುವ ಕೆಲಸವನ್ನು ಮಾತ್ರ ಯಾವ ವಿಧಿಯೂ ಮಾಡಿಸಲಾರದು.

ಕಳೆದ ಎಳ್ಳಮಾವಾಸ್ಯೆಯ ಸುಮಾರಿಗೆ ನಾವು ಏಳು ಮತ್ತು ನಾಲ್ಕು ವರ್ಷಗಳ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಮೂರು ದಿನಗಳ ಮಟ್ಟಿಗೆ ಆ ಕಡೆಗೆ ಹೋಗಿದ್ದೆವು. ಬೀದರ, ಭಾಲ್ಕಿ, ಔರಾದ ಈ ಮೂರೂ ಊರುಗಳಲ್ಲಿ ನಮಗೆ ಕಾಲೇಜಿನ ದಿನಗಳ ಸ್ನೇಹಿತರಿರುವರು. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ ದೂರವೆಂದೊಡನೆ ಹಲವರು ಎದೆಗುಂದುವರು. ರಾತ್ರಿಯ ರೈಲಿನಲ್ಲಿ ಮಲಗಿದ ಮಕ್ಕಳಿಗೆ ದೂರದ ಗೊಡವೆಯೇ ಇಲ್ಲ. ಹಿಂದೆ ಕಲಬುರ್ಗಿಯಿಂದ ಬೀದರಕ್ಕೆ ನೇರವಾದ ರೈಲುಹಾದಿಯೇ ಇರಲಿಲ್ಲ. ತೆಲುಗು ಸೀಮೆಯ ವಿಕಾರಾಬಾದವನ್ನು ಸುತ್ತಿಯೇ ಬರಬೇಕಾಗಿತ್ತು. 110 ಕಿಲೋಮೀಟರಿನ ಆ ನೇರ ಹಾದಿಯು 2017ರ ಅಕ್ಟೋಬರ 29ರಂದು ತೆರೆಯಿತು. ಅಂದಿನಿಂದ ದೂರದ ನೆವವು ಅರ್ಧ ಬಿದ್ದುಹೋಗಿದೆ.

ಚಿಕ್ಕ ಮಕ್ಕಳೊಡನೆ ಹೋಗುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಸ್ಮಾರಕಗಳ ಪಟ್ಟಿಯನ್ನು ಮಡಿಸಿ ಕಿಸೆಯಲ್ಲಿಡುವದು. ಬೀದರದಲ್ಲಿ ನೋಡತಕ್ಕ ಗುಮ್ಮಟ, ಬುರುಜು, ದರವಾಜೆ, ಮಹಲುಗಳನ್ನು ಎಣಿಸುತ್ತ ಹೊರಟರೆ ದೊಡ್ಡವರ ಕಾಲುಗಳೇ ಸೋಲುವವು. ಮುಂಜಾನೆ ಒಂದು, ಸಂಜೆ ಒಂದು. ನಡುವೆ ಊಟ, ನಿದ್ದೆ. ಇಷ್ಟನ್ನು ಪಾಲಿಸಿದರೆ ಮಕ್ಕಳು ಅಳುವದಿಲ್ಲ, ಹಿರಿಯರು ಸಿಡುಕುವದಿಲ್ಲ. ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸಿ ಮುಗಿಸುವೆನೆಂಬ ಹಟವು ಯಾತ್ರೆಯ ಗುತ್ತಿಗೆದಾರನಿಗೆ ಒಪ್ಪಬಹುದು, ತಂದೆತಾಯಿಗಳಿಗೆ ಒಪ್ಪಲಾರದು.

ಕೋಟೆಯನ್ನು ಮಾತ್ರ ಮುಂಜಾನೆಯ ತಂಪಿನಲ್ಲಿಯೇ ನೋಡಬೇಕು. ಬಹಮನಿ ಸುಲ್ತಾನ ಅಹಮದಶಾಹ ವಲಿಯು ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು, ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರವಾದ ಕೆಂಪುಕಲ್ಲಿನ ದಿಬ್ಬದ ಅಂಚಿನಲ್ಲಿ, 1432ರ ಹೊತ್ತಿಗೆ ಈ ಕೋಟೆಯನ್ನು ಕಟ್ಟಿಸಿ ಮುಗಿಸಿದನೆಂದು ಇತಿಹಾಸಜ್ಞರು ಹೇಳುವರು. ಊರಿನ ಕಡೆಗಿರುವ ಪಾರ್ಶ್ವದಲ್ಲಿ ಬಂಡೆಯನ್ನೇ ಕೊರೆದು ಮೂರು ಸಾಲು ಕಂದಕಗಳನ್ನು ತೋಡಿದ್ದಾರೆ. ನಮ್ಮ ಹಿರಿಯ ಮಗನು ಕಂದಕದೊಳಗೆ ಬಗ್ಗಿ ನೋಡಿ, "ಕಾಕಾ, ಇಷ್ಟೆಲ್ಲಾ ಕಲ್ಲು ತಗದು ಎಲ್ಲಿ ಹಾಕ್ಯಾರ?" ಎಂದು ಕೇಳಿದನು. ಬೀದರದ ಸ್ನೇಹಿತನು ಹಿಂದಿನ ಗೋಡೆಯನ್ನು ತೋರಿಸಿ, "ಅಲ್ಲಿ ಎದ್ದು ನಿಂತದ ನೋಡಪಾ" ಎಂದನು. ಕಂದಕವೂ ಗೋಡೆಯೂ ಒಂದೇ ಕಲ್ಲಿನ ಎರಡು ರೂಪಗಳೆಂಬುದು ಅವನಿಗೆ ಆ ಒಂದು ಮಾತಿನಿಂದ ತಿಳಿಯಿತು. ಶರ್ಜಾ ದರವಾಜೆಯ ಮೇಲೆ ಕಲ್ಲಿನಲ್ಲಿ ಕಡೆದ ಹುಲಿಗಳು ಚಿಕ್ಕವಳಿಗೆ ಮೆಚ್ಚಿಗೆಯಾದವು. ಅವಳು ಅವಕ್ಕೆ ಹೆಸರನ್ನೂ ಇಟ್ಟಳು.

ಸೋಲಾ ಖಂಬಾ ಮಸೀದಿಯು 1423-24ರ ಸುಮಾರಿನದು. ರಾಜಧಾನಿಯು ಇಲ್ಲಿ ನೆಲೆಗೊಳ್ಳುವ ಕಾಲಕ್ಕೇ ಎದ್ದದ್ದು. ಸೋಲಾ ಎಂದರೆ ಹದಿನಾರು. ಒಳಗೆ ಹೋಗಿ ಕಂಬಗಳನ್ನು ಎಣಿಸಿದರೆ ಹದಿನಾರಕ್ಕೆ ನಿಲ್ಲುವದಿಲ್ಲ, ಸಾಲಿನ ಹಿಂದೆ ಸಾಲು ಬರುತ್ತಲೇ ಇರುವದು. ಹೆಸರೇ ಸುಳ್ಳೆಂದು ಮಗನು ವಾದಿಸಿದನು. ಒಂದು ಕಾಲಕ್ಕೆ ಕಮಾನುಗಳಿಗೆ ಗೋಡೆಯೆತ್ತಿ ಮುಚ್ಚಿದ್ದರಿಂದ ನಡುವಿನ ಹದಿನಾರು ಕಂಬಗಳೇ ಕಣ್ಣಿಗೆ ಬೀಳುತ್ತಿದ್ದವೆಂದೂ ಅದರಿಂದ ಈ ಹೆಸರು ನಿಂತಿತೆಂದೂ ತಿಳಿಸಿದಾಗಲೇ ಅವನಿಗೆ ಸಮಾಧಾನ. ರಂಗೀನ ಮಹಲಿನ ಬಾಗಿಲಿಗೆ ಸಾಮಾನ್ಯವಾಗಿ ಬೀಗವಿರುವದು. ಹಳೆಯ ಅರಸು ಸ್ನಾನಗೃಹದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ವಿನಯದಿಂದ ವಿಚಾರಿಸಿದರೆ ತೆರೆದು ತೋರಿಸುವದುಂಟು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿ ಬರೆದ ಬಳ್ಳಿಗಳನ್ನೂ ಕೆತ್ತನೆಯ ಮರದ ಕಂಬಗಳನ್ನೂ ಕಂಡು ಬಾರದವನು ಬೀದರವನ್ನು ಕಂಡೆನೆನ್ನಬಾರದು. ಹೈದರಾಬಾದ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಗುಲಾಂ ಯಜದಾನಿಯವರು ಈ ಕಟ್ಟಡಗಳನ್ನು ಹಾಳುಬೀಳದಂತೆ ಕಾಯ್ದು, ಒಂದೊಂದನ್ನೂ ಅಳೆದು ವರ್ಣಿಸಿ, 1947ರಲ್ಲಿ ಇಂಗ್ಲಿಷಿನಲ್ಲಿ ಒಂದು ಹೆಬ್ಬೊತ್ತಿಗೆಯನ್ನೇ ಹೊರತಂದರು. ಇಂದಿಗೂ ಬೀದರದ ಬಗ್ಗೆ ಬರೆಯುವವರೆಲ್ಲ ಅವರಿಗೆ ಋಣಿಗಳು.

ಕೋಟೆಯ ಮೇಲೆ ನಿಂತಿರುವಾಗ ವಾಯುಪಡೆಯ ತರಬೇತಿ ವಿಮಾನವೊಂದು ಭೋರೆಂದು ಹಾದುಹೋಯಿತು. ಐದುನೂರು ವರ್ಷಗಳ ಇತಿಹಾಸವನ್ನು ಮಕ್ಕಳು ಆ ಕ್ಷಣದಲ್ಲಿ ಮರೆತರು. ಮರೆತರೇನಾಯಿತು? ಅದೂ ಬೀದರವೇ.

ಸಂಜೆ ಮಹಮೂದ ಗವಾನನ ಮದರಸಾ. ಪರ್ಶಿಯಾದ ಗೀಲಾನದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಈ ಪಂಡಿತನು 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಶಾಲೆಯನ್ನು ಕಟ್ಟಿಸಿದನು. ಅದರ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳಿಕೆಯಿದೆ. ಒಂಬತ್ತು ವರ್ಷಗಳ ತರುವಾಯ, 1481ರಲ್ಲಿ, ಹಗೆಗಳು ಅವನ ಮೊಹರು ಬಿದ್ದ ಕಾಗದದ ಮೇಲೆ ದ್ರೋಹದ ಪತ್ರವನ್ನು ಬರೆಯಿಸಿ ಸುಲ್ತಾನನಿಗೆ ತೋರಿಸಿದರು. ಸುಲ್ತಾನನು ವಿಚಾರಿಸದೆ ಮುದುಕನ ತಲೆಯನ್ನು ತೆಗೆಸಿದನು. ಕಾಗದವನ್ನು ಓದದೆ ಮೊಹರು ಹಾಕುವ ಅಭ್ಯಾಸವುಳ್ಳ ನಮ್ಮ ಕಚೇರಿಯ ಮಿತ್ರರು ಈ ಕಥೆಯನ್ನು ಒಮ್ಮೆ ನೆನೆಯುವದು ಒಳಿತು. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವು ಹಾರಿಹೋಯಿತು. ಮಿನಾರುಗಳೆರಡರಲ್ಲಿ ಒಂದೇ ನಿಂತಿದೆ. ಅದರ ಮೈಮೇಲೆ ಉಳಿದಿರುವ ನೀಲಿ ಬಿಳುಪು ಹಸಿರು ಬಿಲ್ಲೆಗಳು ಸಂಜೆಯ ಬಿಸಿಲಿಗೆ ಹೊಳೆಯುವದನ್ನು ಕಂಡ ಮಕ್ಕಳು ತಾವಾಗಿಯೇ ಸುಮ್ಮನಾದರು.

ಇಲ್ಲಿಯೇ ಒಂದು ಮಾತು ಹೇಳಲೇಬೇಕು. ಈ ಸೀಮೆಯ ಸ್ಮಾರಕಗಳ ಗೋಡೆಗಳ ಮೇಲೆ ಮೊಳೆಯಿಂದ ಹೆಸರು ಕೆತ್ತಿದವರು ಪರದೇಶದವರಲ್ಲ, ನಮ್ಮ ಶಾಲೆ ಕಾಲೇಜುಗಳಲ್ಲಿ ಓದಿದವರೇ. ಅಕ್ಷರಗಳು ಕನ್ನಡದವು, ಮರಾಠಿಯವು, ಉರ್ದುವಿನವು, ತೆಲುಗಿನವು. ಉಳಿದ ವಿಷಯಗಳಲ್ಲಿ ಕಾಣದ ಭಾಷೆಗಳ ಒಗ್ಗಟ್ಟು ಇದೊಂದರಲ್ಲಿ ಕಂಡಿತು! ಮಗನು ಅಂಥದೊಂದು ಹೆಸರನ್ನು ಗಟ್ಟಿಯಾಗಿ ಓದಿ, "ಇವರೂ ರಾಜರೇನಪಾ?" ಎಂದು ಕೇಳಿದನು.

ಬಿದರಿ ಕೆಲಸದ ಅಂಗಡಿಗೆ ಮಕ್ಕಳನ್ನು ಕರೆದೊಯ್ದರೆ ಏನಾದರೂ ಮುರಿದಾರೆಂದು ಹೆದರುವವರುಂಟು. ಅಂಗಡಿಗೆ ಬೇಡ, ಕೆಲಸಗಾರರು ಕುಳಿತು ಕೆತ್ತುವ ಕಾರಖಾನೆಗೆ ಕರೆದೊಯ್ಯಿರಿ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕೂಡಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುವರು. ಹೊರಬಂದ ಪಾತ್ರೆಯು ಬೂದುಬಣ್ಣದ ಬಡಪಾಯಿ. ಅದನ್ನು ಉಜ್ಜಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಆ ಕಪ್ಪಿನ ಮೇಲೆ ಗೆರೆಯೆಳೆದು, ಉಳಿಯಿಂದ ಕೆತ್ತಿ, ಗೀರಿದ ಗಾಯದಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂಡಿಸುವರು. ಮತ್ತೆ ಉಜ್ಜಿದಾಗ ಬೆಳ್ಳಿಯೂ ಬಿಳುಪು, ಪಾತ್ರೆಯೂ ಬಿಳುಪು. ಪಟ್ಟ ಶ್ರಮವೆಲ್ಲ ಅಳಿಸಿಹೋಯಿತೆಂದು ನೋಡುವವರಿಗೆ ತೋರುವದು. ಕೊನೆಯಲ್ಲಿ ಪಾತ್ರೆಯನ್ನು ಹದವಾಗಿ ಕಾಯಿಸಿ, ಹಳೆಯ ಕೋಟೆಯ ಬಿಸಿಲು ಮಳೆ ತಾಗದ ಮೂಲೆಗಳಿಂದ ತಂದ ಮಣ್ಣನ್ನು ನವಸಾಗರದೊಡನೆ ಕಲೆಸಿ ತಿಕ್ಕುವರು. ಆಗ ಲೋಹವು ಕಾಡಿಗೆಯಂತೆ ಕಪ್ಪಾಗುವದು, ಬೆಳ್ಳಿಯು ಹಾಗೆಯೇ ಉಳಿದು ಹೊಳೆಯುವದು. ಆ ಕ್ಷಣಕ್ಕೆ ನಮ್ಮ ಚಿಕ್ಕವಳು ಚಪ್ಪಾಳೆಯಿಕ್ಕಿದಳು. ತಕ್ಕ ಮಣ್ಣು ಯಾವುದೆಂದು ಹಳಬರು ನಾಲಿಗೆಯ ಮೇಲಿಟ್ಟು ತಿಳಿಯುವರೆಂದು ಕೇಳಿದೊಡನೆ ಅವಳಿಗೂ ಒಂದು ಚಿಟಿಕೆ ತಿನ್ನುವ ಆಸೆ. ಅದಕ್ಕೆ ಮಾತ್ರ ನಾವು ಅಡ್ಡಬಂದೆವು.

ಈ ಕಸಬಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. 2023ರಲ್ಲಿ ಬೀದರದ ಶಾ ರಶೀದ ಅಹ್ಮದ ಕಾದ್ರಿಯವರಿಗೆ ಪದ್ಮಶ್ರೀ ಬಂದಿತು. ಸನ್ಮಾನಗಳು ಬಂದವು, ಸಂತೋಷ. ಆದರೆ ಕಣ್ಣು ನೋಯಿಸಿಕೊಂಡು ದಿನವಿಡೀ ಕುಳಿತು ಕೆತ್ತುವವನ ಮಗನು ಅದೇ ಮಣೆಯ ಮೇಲೆ ಕುಳಿತುಕೊಳ್ಳುವನೋ ಇಲ್ಲವೋ ಎಂಬುದು ಕೊಳ್ಳುವವರ ಕೈಯಲ್ಲಿದೆ. ಬೆಲೆಯನ್ನು ಚೌಕಾಶಿ ಮಾಡುವ ಮುನ್ನ ಮಕ್ಕಳೆದುರಿಗೆ ಆ ಕೆಲಸವನ್ನು ಅರ್ಧ ತಾಸು ನೋಡಿದರೆ ಚೌಕಾಶಿಯ ನಾಲಿಗೆಯು ತಾನಾಗಿಯೇ ಏಳುವದಿಲ್ಲ.

ಗುರುನಾನಕ ಝೀರಾದ ವಿಷಯವನ್ನು ಚಿಕ್ಕದಾಗಿ ಹೇಳುವೆವು. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರುನಾನಕರು ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಕಲ್ಲನ್ನು ಸರಿಸಿದಲ್ಲಿ ಒರತೆ ಹುಟ್ಟಿತೆಂದೂ ನಂಬಿಕೆ. ಗುರು ಗೋವಿಂದಸಿಂಗರ ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬಸಿಂಗರು ಬೀದರದವರು. ಹಸಿದ ಮಕ್ಕಳಿಗೆ ಲಂಗರಿನ ಪಂಕ್ತಿಯಂಥ ಆಶ್ರಯವು ಬೇರೊಂದಿಲ್ಲ. ನೆಲದ ಮೇಲೆ ಸಾಲಾಗಿ ಕುಳಿತವರಲ್ಲಿ ಯಾರು ಸಾಹೇಬರು, ಯಾರು ಕೂಲಿಯವರು ಎಂದು ಬಡಿಸುವವರು ನೋಡುವದಿಲ್ಲ. ನರಸಿಂಹ ಝರಣಿಯ ಗುಹೆಯಲ್ಲಿ ಮಾತ್ರ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ ದೂರ ನಡೆದು ದೇವರನ್ನು ಕಾಣಬೇಕು. ಮೇಲೆ ಬಾವಲಿಗಳು, ಒಳಗೆ ಸೆಕೆ. ಕೂಸುಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗುವ ಭಕ್ತರನ್ನು ಕಂಡು ನಮಗೆ ಆಶ್ಚರ್ಯವಾಯಿತು, ಆಸೆಯಾಗಲಿಲ್ಲ. ನಾಲ್ಕು ವರ್ಷದ ಮಗುವನ್ನು ಹೊರಗೇ ಕೂಡಿಸುವದು ಲೇಸು, ದೇವರು ಕೋಪಿಸಿಕೊಳ್ಳಲಾರನು.

ಅಷ್ಟೂರಿನ ಗುಮ್ಮಟಗಳಲ್ಲಿ ಅಹಮದಶಾಹ ವಲಿಯ ಸಮಾಧಿಯೊಂದನ್ನೇ ನೋಡಿದೆವು. ಒಳಗೋಡೆಯ ಬಣ್ಣದ ಬರಹಗಳು ಕಣ್ಣು ಹೊಂದಿಕೊಂಡ ಮೇಲೆ ಮೆಲ್ಲಗೆ ಕಾಣತೊಡಗುವವು. ಈ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ಬಗೆದು ಕೈಮುಗಿಯುವ ಲಿಂಗಾಯತರುಂಟು. ಇವನ ಉರುಸು ಹೋಳಿಹುಣ್ಣಿಮೆಯಿಂದ ದಿನವೆಣಿಸಿ ನಡೆಯುವದು. ಮಾಡಿಯಾಳದ ಜಂಗಮರು ಬಂದ ಹೊರತು ಅದಕ್ಕೆ ಆರಂಭವಿಲ್ಲ. ಇದನ್ನು ಕೇಳಿ ನಾವು ದೊಡ್ಡವರು ಬೆರಗಾದೆವು. ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ತೋರಲಿಲ್ಲ.

ಎರಡನೆಯ ದಿನ ಎಳ್ಳಮಾವಾಸ್ಯೆ. ಬೀದರದಿಂದ ಸುಮಾರು ನಾಲ್ವತ್ತು ಕಿಲೋಮೀಟರಿನ ಮೇಲಿರುವ ಭಾಲ್ಕಿಯ ಸ್ನೇಹಿತನು, "ಅವತ್ತ ಬರದಿದ್ರ ಮುಂದ ಬರಲೇಬ್ಯಾಡ್ರಿ" ಎಂದು ಮೊದಲೇ ತಾಕೀತು ಮಾಡಿದ್ದನು. ಆ ದಿನ ಈ ಸೀಮೆಯ ಊರುಗಳು ಬರಿದಾಗುವವು; ಜನರೆಲ್ಲ ಹೊಲದಲ್ಲಿ. ಹೊಲವಿದ್ದವನು ಹೊಲವಿಲ್ಲದವನನ್ನು ಕರೆಯುವದು ವಾಡಿಕೆ. ಕರೆಯಿಲ್ಲದೆ ಪೇಟೆಯಲ್ಲಿ ಉಳಿದವನು ನತದೃಷ್ಟನೇ ಸರಿ. ಜೋಳದ ದಂಟನ್ನು ಗೂಡಿನಂತೆ ನಿಲ್ಲಿಸಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿದ ಬಳಿಕ ಊಟ. ಹಸಿ ಕಾಳುಗಳನ್ನೂ ತಪ್ಪಲುಪಲ್ಯಗಳನ್ನೂ ಕಡಲೆಹಿಟ್ಟಿನೊಡನೆ ಕುದಿಸಿದ ಭಜ್ಜಿ, ಮಣ್ಣಿನ ಗಡಿಗೆಯಲ್ಲಿ ಹುಳಿಬಂದ ಜೋಳದ ಅಂಬಲಿ, ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ. ಮನೆಯಲ್ಲಿ ಒಂದು ತುತ್ತಿಗೂ ಕಥೆ ಕೇಳುವ ನಮ್ಮ ಮಗಳು ಸ್ನೇಹಿತನ ತಾಯಿಯ ತೊಡೆಯ ಮೇಲೆ ಕುಳಿತು, "ಆಯಿ, ಇನ್ನ ಸ್ವಲ್ಪ" ಎಂದು ಭಜ್ಜಿಯನ್ನು ಎರಡು ಸಲ ಹಾಕಿಸಿಕೊಂಡಳು. ಕಡಲೆಯ ಹೊಲದಲ್ಲಿ ಓಡಿ ಕಾಲಿಗೆ ಹುಳಿ ಹತ್ತಿ ತುರಿಸಿದ್ದೂ ಅವಳಿಗೆ ಹೊಸ ಅನುಭವವೇ.

ಸಂಜೆ ಭಾಲ್ಕಿಯ ಹಿರೇಮಠಕ್ಕೆ ಹೋದೆವು. ನೂರು ವರ್ಷಕ್ಕೂ ಮಿಕ್ಕು ಬಾಳಿ 1999ರಲ್ಲಿ ಲಿಂಗೈಕ್ಯರಾದ ಚನ್ನಬಸವ ಪಟ್ಟದ್ದೇವರ ಹೆಸರನ್ನು ದಕ್ಷಿಣದ ಜಿಲ್ಲೆಗಳ ಎಷ್ಟು ಶಾಲಾಮಕ್ಕಳು ಬಲ್ಲರು? ನಿಜಾಮರ ಆಳಿಕೆಯಲ್ಲಿ ಕಚೇರಿಗೂ ವಿದ್ಯೆಗೂ ಉರ್ದುವಿನದೇ ಯಜಮಾನಿಕೆ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವು ಪಾಠ ಹೇಳುತ್ತಿದ್ದುದೂ ಉರ್ದುವಿನಲ್ಲಿಯೇ. ಅಂಥ ದಿನಗಳಲ್ಲಿ ಈ ಸ್ವಾಮಿಗಳು ಹೊರಗೆ ಉರ್ದುವಿನ ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯಲ್ಲಿ ಮನೆಮಾತಾಗಿದೆ. ಕಥೆಯನ್ನು ಕೇಳಿದ ಮಗನು ಅಂದು ರಾತ್ರಿ ಮಲಗುವವರೆಗೆ ಕೇಳಿದ ಪ್ರಶ್ನೆ ಒಂದೇ: "ಸಿಪಾಯಿ ಒಳಗ ಬಂದ್ರ ಏನ ಮಾಡ್ತಿದ್ರು?" ಕನ್ನಡವನ್ನು ಹೆದರುತ್ತ ಕಲಿಯುವ ಕಾಲವೊಂದಿತ್ತೆಂಬುದು, ಶಾಲೆಯಲ್ಲಿ ಕನ್ನಡದ ತಾಸು ಬಂದಿತೆಂದರೆ ಆಕಳಿಸುವ ಮಗುವಿಗೆ, ಯಾವ ಪಠ್ಯಪುಸ್ತಕದಿಂದ ಇಷ್ಟು ತಟ್ಟೀತು?

ಮೂರನೆಯ ದಿನ ಔರಾದ. ಹಳೆಯ ಬೀದರ ಜಿಲ್ಲೆಯನ್ನು 1956ರ ನವೆಂಬರ 1ರಂದು ಮೂರು ಪಾಲು ಮಾಡಿದರು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಅಂದಿನ ಮೈಸೂರು ರಾಜ್ಯಕ್ಕೆ ಉಳಿದವು. ಗೆರೆಯು ನಕಾಶೆಯಲ್ಲಿ ಬಿದ್ದಷ್ಟು ಸುಲಭವಾಗಿ ನಾಲಿಗೆಯ ಮೇಲೆ ಬೀಳಲಿಲ್ಲ. ಔರಾದದ ಪೇಟೆಯಲ್ಲಿ ಒಂದೇ ಅಂಗಡಿಯಲ್ಲಿ ನಿಂತು ಕನ್ನಡ, ಮರಾಠಿ, ದಖನಿ ಉರ್ದುಗಳನ್ನು ಕೇಳಬಹುದು. ಇಲ್ಲಿ ಕನ್ನಡ ಸರಕಾರವೇ ನಡೆಸುವ ಮರಾಠಿ ಶಾಲೆಗಳಿವೆ. ಮರಾಠಿ ಮನೆಯಿಂದ ಬಂದು ಕನ್ನಡ ಶಾಲೆಯಲ್ಲಿ ಓದುವ ಮಕ್ಕಳೂ ಇದ್ದಾರೆ. ಸ್ನೇಹಿತನ ಓಣಿಯ ಹುಡುಗರು ನಮ್ಮವರಿಗೆ ಅರ್ಧ ತಾಸಿನಲ್ಲಿ "ಇಕಡೆ ಯೇ" ಎಂಬುದನ್ನು ಕಲಿಸಿದರು. ನಮ್ಮವರು ತಮಗೆ ಗೊತ್ತಿದ್ದ ಒಗಟುಗಳನ್ನು ಕೊಟ್ಟರು. ಅಮರೇಶ್ವರನ ಗುಡಿಯ ಅಂಗಳದಲ್ಲಿ ಈ ವ್ಯಾಪಾರವು ಲಾಭನಷ್ಟಗಳಿಲ್ಲದೆ ನಡೆಯಿತು.

ಅಲ್ಲಿಯ ಸ್ನೇಹಿತನು ಸರಕಾರಿ ಅಧಿಕಾರಿ. ಎರಡು ವರ್ಷಗಳಿಂದ ಒಬ್ಬನೇ ಇರುವನು. ಹೆಂಡತಿಯೂ ಎಂಟು ವರ್ಷದ ಮಗಳೂ ಧಾರವಾಡದಲ್ಲಿ. ನಮ್ಮ ಮಗನು ಮನೆಯೊಳಗೆ ಸುತ್ತಾಡಿ ಬಂದು, "ಕಾಕಾ, ನಿಮ್ಮ ಮಗಳ ಸಾಮಾನು ಒಂದೂ ಇಲ್ಲಲ್ಲಾ?" ಎಂದನು. ಸ್ನೇಹಿತನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಲ್ಲಿ ತಂದ್ರ ಅಕಿಗೆ ಬ್ಯಾಸರಾಗ್ತದಂತ ನಾನs ಅನ್ಕೊಂಡೀನಿ, ಅಕಿನ್ನ ಕೇಳಿಲ್ಲ ನೋಡ್ರಿ" ಎಂದನು. ನಾವು ಉಪದೇಶ ಮಾಡಲಿಲ್ಲ. ಒಳ್ಳೆಯ ಶಾಲೆ, ಒಳ್ಳೆಯ ವೈದ್ಯರು ಎಂದು ತಾಯಂದಿರು ಹೇಳುವ ಕಾರಣಗಳು ಹುರುಳಿಲ್ಲದವಲ್ಲ. ಆದರೆ ಸಂಸಾರ ಹೂಡುವ ಮಾತು ಬೇರೆ, ಮೂರು ದಿನ ಬಂದು ಹೋಗುವ ಮಾತು ಬೇರೆ. ಶಿವರಾತ್ರಿಯ ಸುಮಾರಿಗೆ ಅಮರೇಶ್ವರನ ಜಾತ್ರೆ. ಬಿಳಿಯ ಮೈಮೇಲೆ ಕರಿಯ ಮಚ್ಚೆಗಳಿರುವ ದೇವಣಿ ತಳಿಯ ದನಗಳಿಗೆ ಹೆಸರಾದ ಸೀಮೆಯಿದು, ಜಾತ್ರೆಯಲ್ಲಿ ಅವುಗಳ ಸಾಲನ್ನು ನೋಡುವದೇ ಮಕ್ಕಳಿಗೆ ಹಬ್ಬ. ಆಗ ಅವರಿಬ್ಬರನ್ನೂ ಕರೆಸುವೆನೆಂದು ಹೇಳಿದ್ದಾನೆ. ಕರೆಸಿದನೋ ಇಲ್ಲವೋ, ಅವನ ಪತ್ರವನ್ನು ಕಾಯುತ್ತಿದ್ದೇವೆ.

ಇನ್ನು ಊರಿನವರಿಗೂ ಅಧಿಕಾರಿಗಳಿಗೂ ಕೆಲವು ಬಿನ್ನಹಗಳು. ಬೀದರವನ್ನು ಜಗತ್ತಿಗೆ ತೋರಿಸುವ ಯೋಜನೆಗಳ ಮಾತು ಬಹಳವಾಗಿ ಕೇಳಿಬರುತ್ತಿದೆ. ನೆಲದೊಳಗೆ ಸುರಂಗ ತೋಡಿ, ಅಲ್ಲಲ್ಲಿ ಗಾಳಿಬಾವಿಗಳನ್ನಿಟ್ಟು, ಇಳಿಜಾರಿನಿಂದಲೇ ನೀರು ತರುವ ಪರ್ಶಿಯಾದ ಕರೇಜ ಪದ್ಧತಿಯು ಬೀದರದ ನೌಬಾದಿನಲ್ಲಿ ಉಳಿದುಬಂದುದನ್ನು ದೂರದೇಶದ ಪಂಡಿತರೂ ಬಂದು ನೋಡಿಹೋಗುವರು. ಐದುನೂರು ವರ್ಷಗಳ ಹಿಂದೆ ಬಂಡೆಯೊಳಗೆ ನೀರು ಹರಿಯಿಸಿದ ಊರಿನಲ್ಲಿ, ಇಂದು ಬಾಯಾರಿದ ಮಗುವಿಗೆ ಸ್ಮಾರಕದ ಬಳಿಯಲ್ಲಿಯೇ ಒಂದು ಲೋಟ ಶುದ್ಧವಾದ ನೀರು ಸಿಗುವಂತಿರಬೇಕು. ಹೆಣ್ಣುಮಕ್ಕಳು ನಾಚದೆ ಹೋಗಬಲ್ಲ ಶೌಚಾಲಯವಿರಬೇಕು. ಎತ್ತರದ ಬುರುಜುಗಳ ಅಂಚಿಗೆ ಕಟಕಟೆಯಿರಬೇಕು. ಏಳು ವರ್ಷದ ಹುಡುಗನು ತಾನೇ ಓದಿ ತಿಳಿಯುವಂಥ ಕನ್ನಡದಲ್ಲಿ, ಅವನ ಕಣ್ಣಿನ ಎತ್ತರಕ್ಕೆ, ನಾಲ್ಕು ಸಾಲಿನ ಫಲಕವಿರಬೇಕು. ಇವು ಕೋಟಿಗಳ ಕೆಲಸಗಳಲ್ಲ.

ಹೋಗಬೇಕೆನ್ನುವವರು ನವೆಂಬರದಿಂದ ಫೆಬ್ರುವರಿಯೊಳಗೆ ಹೊರಡಿರಿ. ಶಿವರಾತ್ರಿ ಕಳೆದ ಮೇಲೆ ಕೆಂಪುಕಲ್ಲು ಕಾದು ನಡುಹಗಲಿನಲ್ಲಿ ಮಕ್ಕಳನ್ನು ನಡೆಸಲಾಗದು. ಮುಂಜಾವಿನ ಚಳಿಗೆ ಉಣ್ಣೆಯ ಟೊಪ್ಪಿಗೆ, ಹಗಲಿಗೆ ನೀರಿನ ಬಾಟಲಿ ಮರೆಯಬೇಡಿರಿ. ಬೀದರದಿಂದ ಭಾಲ್ಕಿಗೂ ಔರಾದಕ್ಕೂ ಬಸ್ಸುಗಳು ಹೇರಳವಾಗಿವೆ, ಎರಡೂ ಒಂದು ತಾಸಿನ ಮೇಲೆ ಸ್ವಲ್ಪ ಹೊತ್ತಿನ ದಾರಿ. ಸ್ನೇಹಿತರಿದ್ದರೆ ಎಂಟು ದಿನ ಮೊದಲೇ ತಿಳಿಸಿರಿ. ತಿಳಿಸದೆ ಹೋಗಿ ಛತ್ರದಲ್ಲಿ ಇಳಿದಿರೆಂದರೆ ಆ ಸೀಮೆಯವರು ಅದನ್ನು ಬೇಗ ಮರೆಯುವದಿಲ್ಲ.